ಒಂದು ಕಿಲೋ ಮುನ್ನೂರು ಗ್ರಾಂ

ಗುಬ್ಬಿಯ ತೂಕ ಒಂದೇ ತಿಂಗಳಲ್ಲಿ ಒಂದು ಕಿಲೋ ಮುನ್ನೂರು ಗ್ರಾಂ ಏರಿತು.

ತೂಕದ ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಮುಳ್ಳು ನೋಡಿದರು. ಮುಳ್ಳು ಅಲ್ಲೇ ಇತ್ತು. ಒಂಬತ್ತು ಕಿಲೋ ಎಂಟುನೂರು. ಹೋದ ತಿಂಗಳು ಎಂಟೂವರೆ ಇದ್ದ ಮಗು. ಇನ್ನೂ ಎರಡು ವರ್ಷ ತುಂಬಿಲ್ಲ. ಆ ತಿಂಗಳಿಡೀ ಕೆಮ್ಮಿದ್ದೇ ಕೆಮ್ಮಿದ್ದು. ಈಗ ತೂಕದ ಯಂತ್ರದ ಮೇಲೆ ಕಂಬ ನೆಟ್ಟ ಹಾಗೆ ನಿಂತಿದೆ.

"ಎಷ್ಟು ಶಾಂತವಾಗಿದೆ ನೋಡಿ! ಹೊಟ್ಟೆಗೆ ಒಳ್ಳೇದು ಬಿದ್ರೆ ಮಕ್ಕಳು ಹೀಗಿರ್ತಾರೆ" ಎಂದರು ಮೇಡಂ.

ಶಾಂತಿಯೂ ಇಲ್ಲ, ಮಣ್ಣೂ ಇಲ್ಲ. ಮಗುವಿಗೆ ಕಾಲೆತ್ತಲು ಆಗುತ್ತಿರಲಿಲ್ಲ.

ಹಿಂದೆ ನಿಂತಿದ್ದ ಅಮ್ಮ ಕತ್ತು ಚಾಚಿ ಮುಳ್ಳು ನೋಡಿದಳು. ಆ ಮಕ್ಕಳ ಕೋಣೆಯಲ್ಲಿ ಅಮ್ಮಂದಿರಿಗೆ ಸ್ವಂತ ಹೆಸರಿಲ್ಲ. ಮಗುವಿನ ಹೆಸರೇ ಹೆಸರು. ಹಾಗಾಗಿ ಇವಳು ಗುಬ್ಬಿಯಮ್ಮ. ಗುಬ್ಬಿಯಮ್ಮ ಅಳತೆ ಮಾಡಿಯೇ ಹೊಲಿದಿದ್ದಳು. ಫ್ರಾಕಿನ ಅಂಚಿನೊಳಗೆ ಹನ್ನೆರಡು ಕಬ್ಬಿಣದ ಬಿಲ್ಲೆ. ಒಂದೊಂದು ಐವತ್ತು ಗ್ರಾಂ. ಒಟ್ಟು ಆರುನೂರು. ಪ್ರತಿ ತಿಂಗಳೂ ಅಷ್ಟೇ, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಹಾಗಿದ್ದ ಮೇಲೆ ಈ ಹೊಸ ತೂಕ ಎಲ್ಲಿಂದ ಬಂತು?

ಅವಳು ಆಯಾಳ ಮುಖ ನೋಡಿದಳು. ಆಯಾ ಕಿಟಕಿಯಾಚೆ ನೋಡುತ್ತಿದ್ದಳು. ಕಿಟಕಿಯಾಚೆ ನೋಡುವಂಥದ್ದು ಏನೂ ಇಲ್ಲ. ಬಾಯ್ಲರಿನ ಗೋಡೆ ಇದೆ, ಅಷ್ಟೇ.

ಮೇಡಂ ಆ ಕಡೆ ಹೋದದ್ದೇ ತಡ, ಗುಬ್ಬಿಯಮ್ಮ ಮಗುವನ್ನು ಎತ್ತಿಕೊಂಡಳು. ಎತ್ತಿದ ಕೂಡಲೇ ಗೊತ್ತಾಯಿತು. ಫ್ರಾಕಿನ ಕೆಳಗೆ, ಹೊಟ್ಟೆಯ ಸುತ್ತ, ಗಟ್ಟಿಯಾಗಿ ಒಂದು ಬಟ್ಟೆಯ ಪಟ್ಟಿ.

"ಆಯಮ್ಮ, ಏನಿದು?"

"ಬೆಳಗ್ಗೆ ನೀನು ಓಡೋಡಿ ಬಂದೆ. ಹೊಲಿಯೋಕೆ ಪುರಸೊತ್ತೇ ಆಗಿರಲ್ಲ ಅಂದ್ಕೊಂಡೆ. ಗುಂಡನಿಗೆ ಜ್ವರ, ಇವತ್ತು ಬಂದಿಲ್ಲ. ಅವನ ಬೆಲ್ಟು ಮೊಳೆಗೆ ನೇತಾಡ್ತಿತ್ತು. ಸುಮ್ನೆ ಯಾಕೆ ದಂಡ ಅಂತ ಕಟ್ಟಿಬಿಟ್ಟೆ."

"ಗುಂಡನ ಬೆಲ್ಟು ಒಂದು ಕಿಲೋ ಮುನ್ನೂರು!"

"ಅದಕ್ಕೇನ್ ಮಾಡ್ಲಿ ಮಗಳೇ, ಪ್ರೀತಿ" ಎಂದಳು ಆಯಾ. ಹಲ್ಲಿಲ್ಲದ ಬಾಯಲ್ಲಿ ನಕ್ಕಳು.

ಗುಬ್ಬಿಯಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಕ್ಕಳು. ನಗದೆ ಇನ್ನೇನು ಮಾಡುವುದು, ಊಟದ ಬಿಡುವು ಮುಗಿದ ಸೈರನ್ ಆಗಿತ್ತು.

ಅದೊಂದು ದೊಡ್ಡ ಲಾಂಡ್ರಿ. ದೊಡ್ಡ ದೊಡ್ಡ ಹೋಟೆಲುಗಳ ಚಾದರ, ಟವೆಲು, ದಿಂಬಿನ ಚೀಲ, ಪರದೆ ಎಲ್ಲ ಅಲ್ಲಿಗೆ ಗಾಡಿಗಟ್ಟಲೆ ಬರುತ್ತವೆ. ಯಾರೋ ಮಲಗಿ ಎದ್ದು ಹೋದ ಚಾದರಗಳು. ಗುಬ್ಬಿಯಮ್ಮನ ಕೆಲಸ ಉಗಿ ಉರುಳೆಯ ಬಳಿ. ಒದ್ದೆ ಚಾದರದ ಎರಡು ಮೂಲೆಗಳನ್ನು ಹಿಡಿದು ಕಾದ ಉರುಳೆಯ ಬಾಯಿಗೆ ಕೊಡಬೇಕು. ಕೈ ಒಂದು ಬೆರಳಿನಷ್ಟು ಮುಂದೆ ಹೋದರೆ ಚರ್ಮ ಅಲ್ಲೇ ಅಂಟಿಕೊಳ್ಳುತ್ತದೆ. ಅವಳ ಎರಡೂ ಮುಂಗೈಯಲ್ಲಿ ಸಾಲಾಗಿ ಕಂದು ಗೆರೆಗಳಿವೆ, ಯಾರೋ ಸ್ಕೇಲಿಟ್ಟು ಎಳೆದ ಹಾಗೆ. ಕೂರುವ ಹಾಗಿಲ್ಲ. ಕುರ್ಚಿಯೇ ಇಲ್ಲ. ಸಂಜೆ ಹೊತ್ತಿಗೆ ಪಾದ ಊದಿ ಚಪ್ಪಲಿ ಕಚ್ಚುತ್ತದೆ.

ಮೊದಲು ಸೋಪಿನ ಪುಡಿ ತುಂಬಿಡುತ್ತಿದ್ದ ಕೋಣೆಯೇ ಈಗ ಮಕ್ಕಳ ಕೋಣೆ. ಮಕ್ಕಳು ಸೀನುತ್ತವೆ. ಹನ್ನೊಂದು ಮಕ್ಕಳು, ಒಬ್ಬಳು ಆಯಾ, ಒಂದು ಚಾಪೆ, ಚಕ್ರ ಕಿತ್ತುಹೋದ ಒಂದು ಕೆಂಪು ಕಾರು. ಆದರೂ ಆ ಕೋಣೆಯನ್ನು ಯಾರೂ ಬಿಟ್ಟುಕೊಡುವಂತಿರಲಿಲ್ಲ. ಯಾಕೆಂದರೆ ಬೆಳಗ್ಗೆ ಹತ್ತು ಗಂಟೆಗೆ ಅಲ್ಲಿ ಪ್ರತಿ ಮಗುವಿಗೂ ಒಂದು ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು.

ಗುಬ್ಬಿ ಕಣ್ಣು ಬಿಟ್ಟುಕೊಂಡು ತಿನ್ನುವ ಊಟ ದಿನಕ್ಕೆ ಅದೊಂದೇ. ಬೆಳಗ್ಗೆ ಐದೂವರೆಗೆ ಮನೆ ಬಿಡುವಾಗ ಅದರ ಬಾಯಿಗೆ ಚಹಾದಲ್ಲಿ ಅದ್ದಿದ ಬ್ರೆಡ್ಡು ತುರುಕುವುದು. ಅದು ಅರ್ಧ ನಿದ್ದೆ. ಸಂಜೆ ಬಸ್ಸಿಳಿದು, ನೀರು ಹಿಡಿದು, ಅನ್ನ ಬೇಳೆ ಬೇಯಿಸಿ ತಟ್ಟೆಗೆ ಹಾಕುವಷ್ಟರಲ್ಲಿ ಎಂಟು. ಅದು ಇನ್ನರ್ಧ ನಿದ್ದೆ. ಬಾಯೊಳಗೆ ಅನ್ನ ಇಟ್ಟುಕೊಂಡೇ ಗೊರಕೆ ಹೊಡೆಯುತ್ತಿತ್ತು. ಮಧ್ಯಾಹ್ನ ಅಮ್ಮನಿಗೆ ಬಿಡುವಾಗುವ ಹೊತ್ತಿಗೆ ಚಾಪೆಯ ಮೇಲೆ ಪೂರ್ತಿ ನಿದ್ದೆ. ಹತ್ತು ಗಂಟೆಯ ಮೊಟ್ಟೆಯನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದು, ಮೊದಲು ಬಿಳಿ, ಆಮೇಲೆ ಹಳದಿ, ಕೊನೆಗೆ ಬೆರಳು, ಎಲ್ಲವನ್ನೂ ನೆಕ್ಕಿ ನೆಕ್ಕಿ ತಿನ್ನುತ್ತಿತ್ತು.

ಇನ್ನು ಬಿಲ್ಲೆಯ ವಿಷಯ.

ದೊಡ್ಡ ಪರದೆಗಳು ನೆಟ್ಟಗೆ ಇಳಿಬೀಳಲಿ ಎಂದು ಅವುಗಳ ಅಂಚಿನೊಳಗೆ ಕಬ್ಬಿಣದ ಬಿಲ್ಲೆ ಇಟ್ಟು ಹೊಲಿದಿರುತ್ತಾರೆ. ಒಗೆಯುವ ಮೊದಲು ಬಿಚ್ಚಿ ತೆಗೆಯಬೇಕು. ಇಸ್ತ್ರಿ ಮುಗಿದ ಮೇಲೆ ಮತ್ತೆ ತುಂಬಿ ಹೊಲಿಯಬೇಕು. ಆ ಕೆಲಸ ಸೂಜಿಯದು. ಸೂಜಿ ಎಂದರೆ ಗುಂಡನ ಅಮ್ಮ. ಆ ಅಡ್ಡಹೆಸರು ಹೊಲಿಗೆಯಿಂದ ಬಂತೋ ನಾಲಿಗೆಯಿಂದ ಬಂತೋ ಹೇಳುವುದು ಕಷ್ಟ. ಅವಳ ಮಗ ಗುಂಡನಿಗೆ ಮೂರು ವರ್ಷ. ಹೆಸರಷ್ಟೇ ಗುಂಡ, ಆಳು ಒಣ ಕಡ್ಡಿ.

ವರ್ಷದ ಹಿಂದೆ ಮ್ಯಾನೇಜರ್ ಒಂದು ನಿಯಮ ತಂದರು. ತಿಂಗಳಿಗೊಮ್ಮೆ ಮಕ್ಕಳ ತೂಕ. ಗೋಡೆಯ ಮೇಲೆ ಪಟ್ಟಿ. ಸರಿಯಾದ ತೂಕ ಇದ್ದರೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು. ಮೊದಲ ಸಲ ಕೆಂಪು ಬಂದರೆ ಅಮ್ಮ ಊಟದ ಬಿಡುವಿನಲ್ಲಿ ಎಲ್ಲರೆದುರು ಕಾರ್ಡು ಹಿಡಿದು ನಿಂತು ಉಪದೇಶ ಕೇಳಬೇಕು. ಎರಡನೇ ಸಲ ಬಂದರೆ ಮಗುವನ್ನು ಕೋಣೆಗೆ ಸೇರಿಸುವುದಿಲ್ಲ. "ಹಸಿರಿಗೆ ಬರುವ ತನಕ ಮನೆಯಲ್ಲಿಟ್ಟು ಆರೈಕೆ ಮಾಡಿ" ಎಂದು ಬರೆದು ಅಂಟಿಸಿದ್ದರು.

ಮನೆಯಲ್ಲಿ ಯಾರಿದ್ದಾರೆ? ಒಂದು ಬಾಗಿಲಿದೆ, ಒಂದು ಬೀಗವಿದೆ.

ಗುಬ್ಬಿಯಮ್ಮ ಒಂದು ಸಲ ನಿಂತಿದ್ದಳು. ಕೈಯಲ್ಲಿ ಕೆಂಪು ಕಾರ್ಡು. ಎದುರಿಗೆ ಅರವತ್ತು ಜನ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾರೆ. ತೂಕದ ಮೇಡಂ ಆರೋಗ್ಯ ಕಚೇರಿಯಿಂದ ಬರುವವರು, ಕೆಟ್ಟವರಲ್ಲ, ಅವಸರದವರು. ಒಂದು ದಿನಕ್ಕೆ ಆರು ಕಡೆ ತೂಕ ಮಾಡಿ ಮುಗಿಸಬೇಕು. ಅವರು ಬಣ್ಣದ ಚಿತ್ರ ತೋರಿಸುತ್ತ ಹೇಳಿದರು: "ಮಗುವಿನ ತಟ್ಟೆಯಲ್ಲಿ ದಿನಾ ಐದು ಬಣ್ಣ ಇರಬೇಕು. ಊಟ ಎಲ್ಲರೂ ಒಟ್ಟಿಗೆ ಕೂತು ಮಾಡಬೇಕು. ಹೊಸ ತರಕಾರಿ ಬೇಡ ಅಂದ್ರೆ ಬೈಬಾರದು, ಹತ್ತು ಸಲ ಸಮಾಧಾನವಾಗಿ ಕೊಡಬೇಕು. ಎಂಟು ಗಂಟೆಯೊಳಗೆ ಮಲಗಿಸಬೇಕು."

ಹಿಂದಿನ ಸಾಲಿನಿಂದ ಸೂಜಿ ಕೈಯೆತ್ತಿದ್ದಳು. "ಐದು ಬಣ್ಣ ಇದೆ ಮೇಡಂ. ಅನ್ನ ಬಿಳಿ, ಬೇಳೆ ಹಳದಿ, ತಟ್ಟೆ ನೀಲಿ, ಅಮ್ಮನ ಕಣ್ಣು ಕೆಂಪು. ಇನ್ನೊಂದು, ಪಾತ್ರೆ ತಳ ಕಪ್ಪು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಗುಬ್ಬಿಯಮ್ಮನೂ ನಕ್ಕಳು. ಆದರೆ ಕಾರ್ಡು ಕೆಳಗಿಳಿಸುವಂತಿರಲಿಲ್ಲ. ಆ ದಿನ ಸಂಜೆ ಸೂಜಿ ಅವಳ ಏಪ್ರನ್ ಜೇಬಿಗೆ ಹನ್ನೆರಡು ಬಿಲ್ಲೆ ಸುರಿದಳು. "ಪರದೆ ನೆಟ್ಟಗೆ ನಿಲ್ಲುತ್ತೆ, ಮಗು ನಿಲ್ಲಲ್ವಾ? ತೂಕ ಆದ ಮೇಲೆ ವಾಪಸ್ ಕೊಡೇ, ಕಳೆದುಹಾಕಿದ್ರೆ ನನ್ನ ತಲೆ ಹೋಗುತ್ತೆ."

ಹೀಗೆ ಒಂದು ಸಲ ಕೆಂಪಾದ ಮಕ್ಕಳೆಲ್ಲ ಒಂದೊಂದಾಗಿ ಹಸಿರಾದವು. ಒಬ್ಬಳಿಗೆ ಅಂಚಿನಲ್ಲಿ, ಇನ್ನೊಬ್ಬನಿಗೆ ಬೆಲ್ಟಿನಲ್ಲಿ, ಮತ್ತೊಂದಕ್ಕೆ ಟೋಪಿಯಲ್ಲಿ. ಟೋಪಿಯ ಮಗು ತಲೆ ವಾಲಿಸಿಕೊಂಡು ನಿಲ್ಲುತ್ತಿತ್ತು. "ಯೋಚನೆ ಮಾಡ್ತಿದೆ" ಎಂದು ಆಯಾ ಸಮಜಾಯಿಷಿ ಕೊಡುತ್ತಿದ್ದಳು.

ಗುಬ್ಬಿಯ ಏರಿಕೆ ಮ್ಯಾನೇಜರ್ ಕಿವಿಗೆ ಬಿದ್ದದ್ದು ಅದೇ ದಿನ. ಮರುದಿನ ಬೆಳಗ್ಗೆ ಉರುಳೆಯ ಬಳಿಗೆ ಅವರೇ ಬಂದರು. ಅವರು ಅಲ್ಲಿಗೆ ಬರುವುದು ಅಪರೂಪ; ಉಗಿಗೆ ಶರ್ಟಿನ ಗರಿ ಕೆಡುತ್ತದೆ.

"ನೀನೇನಾ ಗುಬ್ಬಿಯ ಅಮ್ಮ? ಭೇಷ್! ಶುಕ್ರವಾರ ಹೋಟೆಲಿನವರು ಬರ್ತಾರೆ. ಫೋಟೋದವರೂ ಬರ್ತಾರೆ. ನಮ್ಮ ಹನ್ನೊಂದು ಮಕ್ಕಳೂ ಹಸಿರು. ನಿನ್ನ ಮಗು ಚಾಂಪಿಯನ್. ಸ್ಟೇಜ್ ಮೇಲೆ ಮಗೂನ ತೂಕದ ಮೇಲೆ ನಿಲ್ಲಿಸಿ ಫೋಟೋ ತೆಗೆಯೋದು. ನೀನು ಎರಡು ಮಾತಾಡು."

"ನಂಗೆ ಮಾತು ಬರಲ್ಲ ಸಾರ್."

"ಬರೆದಿದ್ದೀನಿ" ಎಂದು ಕಾಗದ ಕೊಟ್ಟರು. ಅದರಲ್ಲಿ ಹೀಗಿತ್ತು: ನಾನು ನನ್ನ ಮಗುವಿಗೆ ದಿನಾ ಐದು ಬಣ್ಣದ ಊಟ ಕೊಡುತ್ತೇನೆ. ಮನಸ್ಸಿದ್ದರೆ ಯಾವ ತಾಯಿಗೂ ಇದು ಕಷ್ಟವಲ್ಲ.

ಸಂಜೆ ಮನೆಯಲ್ಲಿ ಗಂಡ ಆ ಕಾಗದ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಗೋದಾಮಿನಲ್ಲಿ ಮೂಟೆ ಹೊರುವವನು. ನಕ್ಕರೆ ಸೊಂಟ ಹಿಡಿಯುತ್ತದೆ. ಸೊಂಟ ಒತ್ತಿಕೊಂಡೇ ನಕ್ಕ.

"ಚಾಂಪಿಯನ್ ಅಪ್ಪ ಕಣೇ ನಾನು! ನಾಳೆ ಮೇಸ್ತ್ರಿಗೆ ಹೇಳ್ತೀನಿ, ಮೂಟೆ ನಾನ್ ಹೊರಲ್ಲ, ನನ್ನ ಮಗಳು ಹೊರ್ತಾಳೆ ಅಂತ."

"ನಗಬೇಡಿ. ಮತ್ತೆ ಆ ಬೆಲ್ಟು ಕಟ್ಟಬೇಕು. ಇಲ್ದಿದ್ರೆ ಮುಳ್ಳು ಅಲ್ಲಿಗೆ ಹೋಗಲ್ಲ."

"ಕಟ್ಟು. ಒಂದು ಫೋಟೋ ತಾನೇ? ಕ್ಲಿಕ್ ಅಂದ್ರೆ ಮುಗೀತು."

"ಮುಂದಿನ ತಿಂಗಳು?"

ಅವನು ನಗು ನಿಲ್ಲಿಸಿದ. ಇಬ್ಬರೂ ಗುಬ್ಬಿಯನ್ನು ನೋಡಿದರು. ಗುಬ್ಬಿ ಅನ್ನದ ತಟ್ಟೆಯಲ್ಲಿ ಕೆನ್ನೆಯಿಟ್ಟು ನಿದ್ದೆ ಹೋಗಿತ್ತು. ಗಂಡ ಮೆಲ್ಲಗೆ ಅದರ ಕೆನ್ನೆಗಂಟಿದ ಅಗುಳು ತೆಗೆದ. ಭುಜದ ಮೂಳೆ ಅಂಗಿಯೊಳಗಿನಿಂದ ಚೂಪಾಗಿ ಕಾಣುತ್ತಿತ್ತು. ಅದನ್ನು ಅವನು ಬೆರಳಿಂದ ಒಮ್ಮೆ ಸವರಿ, ಎದ್ದು ಕೈ ತೊಳೆಯಲು ಹೋದ.

ಶುಕ್ರವಾರ ಬಟ್ಟೆ ಮಡಿಸುವ ದೊಡ್ಡ ಕೋಣೆಯಲ್ಲಿ ಮೇಜುಗಳನ್ನು ಜೋಡಿಸಿ ವೇದಿಕೆ ಮಾಡಿದ್ದರು. ಮೇಲೆ ಬಿಳಿ ಚಾದರ, ಅದನ್ನೂ ಇವರೇ ಇಸ್ತ್ರಿ ಮಾಡಿದ್ದು. ಹಿಂದೆ ಬೋರ್ಡು: ನಮ್ಮ ಮಕ್ಕಳೆಲ್ಲ ಹಸಿರು. ಮುಂದಿನ ಕುರ್ಚಿಗಳಲ್ಲಿ ಹೋಟೆಲಿನ ಇಬ್ಬರು, ಫೋಟೋದವನು, ತೂಕದ ಮೇಡಂ. ಕೆಲಸದವರು ಹಿಂದೆ ನಿಂತಿದ್ದರು. ಕುರ್ಚಿ ಅವತ್ತೂ ಇರಲಿಲ್ಲ.

ಜ್ವರ ಬಿಟ್ಟ ಗುಂಡ ಸೂಜಿಯ ಸೊಂಟದ ಮೇಲಿದ್ದ. ಅವನ ಬೆಲ್ಟು ಗುಬ್ಬಿಯ ಸೊಂಟದಲ್ಲಿತ್ತು.

"ಹುಷಾರು ಕಣೇ" ಎಂದಳು ಸೂಜಿ. "ಕಾಗದದಲ್ಲಿ ಇರೋದನ್ನ ಒಪ್ಪಿಸಿ ಇಳಿದು ಬಾ. ಜಾಸ್ತಿ ಬಾಯಿ ಬಿಡಬೇಡ. ಬಾಯಿ ಬಿಡೋಕೆ ನಾನಿದ್ದೀನಿ."

ಮ್ಯಾನೇಜರ್ ಮಾತಾಡಿದರು. ತುಂಬ ಹೊತ್ತು ಮಾತಾಡಿದರು. ಕೊನೆಗೆ ಹೇಳಿದರು: "ಇನ್ನೊಂದು ಸಂತೋಷದ ವಿಷಯ. ನಮ್ಮ ಮಕ್ಕಳಲ್ಲಿ ಒಬ್ಬರೂ ಕೆಂಪಿಲ್ಲ. ಅಂದಮೇಲೆ ಮೊಟ್ಟೆ ಹಾಲಿನ ಅಗತ್ಯ ಈಗ ಉಳಿದಿಲ್ಲ. ಬರುವ ತಿಂಗಳಿಂದ ಅದನ್ನು ನಿಲ್ಲಿಸಿ, ಮಕ್ಕಳ ಕೋಣೆಯ ಗೋಡೆಗಳ ಮೇಲೆ ದೊಡ್ಡ ದೊಡ್ಡ ಹಣ್ಣು ತರಕಾರಿಗಳ ಚಿತ್ರ ಬರೆಸುತ್ತೇವೆ. ಸೇಬು, ದ್ರಾಕ್ಷಿ, ಕ್ಯಾರೆಟ್. ನೋಡಿ ನೋಡಿ ಮಕ್ಕಳಿಗೆ ಒಳ್ಳೆಯ ಅಭ್ಯಾಸ ಬರುತ್ತದೆ."

ಕುರ್ಚಿಯವರು ಚಪ್ಪಾಳೆ ತಟ್ಟಿದರು.

ಹಿಂದೆ ನಿಂತವರು ಚಪ್ಪಾಳೆಗೆ ಕೈಯೆತ್ತಲಿಲ್ಲ. ಯಾರೋ "ಗೋಡೆ ನೆಕ್ಕಬೇಕಾ?" ಎಂದು ಗೊಣಗಿದರು. ಗುಬ್ಬಿಯಮ್ಮ ಲೆಕ್ಕ ಹಾಕಿದಳು. ಮೊಟ್ಟೆ ನಿಲ್ಲುತ್ತದೆ. ತಾವೇ ಕೂತು ಹೊಲಿದ ಬಿಲ್ಲೆಗಳು ಆ ಮೊಟ್ಟೆಯನ್ನು ನಿಲ್ಲಿಸಿದವು. ಈಗ ನಿಜ ಹೇಳಿದರೆ ಗುಬ್ಬಿ ಎರಡನೇ ಸಲದ ಕೆಂಪು. ಮಗು ಮನೆಗೆ, ಮಗುವಿನ ಹಿಂದೆ ತಾನೂ ಮನೆಗೆ. ಹೇಳದಿದ್ದರೆ ಹತ್ತು ಗಂಟೆಗೆ ಗೋಡೆಯ ಮೇಲಿನ ಸೇಬು. ಆ ಕಡೆಯೂ ಹೊಡೆತ, ಈ ಕಡೆಯೂ ಹೊಡೆತ.

"ಬಾಮ್ಮ, ಗುಬ್ಬಿ ಅಮ್ಮ! ಮಗೂನ ನಡೆಸ್ಕೊಂಡು ಬಾ, ಎತ್ಕೋಬೇಡ, ನಡೆಯೋದು ಫೋಟೋದಲ್ಲಿ ಬರಲಿ!"

ಅವಳು ಗುಬ್ಬಿಯನ್ನು ವೇದಿಕೆಯ ಮೇಲೆ ಇಳಿಸಿದಳು. ಗುಬ್ಬಿ ಒಂದು ಹೆಜ್ಜೆ ಇಟ್ಟಿತು. ಎರಡು. ಫ್ರಾಕಿನ ಅಂಚು ಮೊಣಕಾಲಿಗೆ ಟಪ್ ಟಪ್ ಎಂದು ಬಡಿಯುತ್ತಿತ್ತು. ಮೂರನೇ ಹೆಜ್ಜೆಗೆ ಮುಗ್ಗರಿಸಿ ಮೂತಿ ಅಡಿಯಾಗಿ ಬಿತ್ತು.

ಬಿದ್ದ ಮಗು ಏಳಲು ನೋಡಿತು. ಕೈಯೂರಿತು. ಹೊಟ್ಟೆ ಮೇಲೇಳಲಿಲ್ಲ. ಕಾಲು ಬಡಿಯಿತು. ಸೊಂಟ ಮೇಲೇಳಲಿಲ್ಲ. ಬೆನ್ನ ಮೇಲೆ ಯಾರೋ ಕೂತ ಹಾಗೆ ಅಲ್ಲೇ ತೆವಳಿತು. ಅಳು ಕೂಡ ಪೂರ್ತಿ ಹೊರಗೆ ಬರಲಿಲ್ಲ. ಬೆಲ್ಟು ಅಷ್ಟು ಬಿಗಿಯಾಗಿತ್ತು.

ಮ್ಯಾನೇಜರ್ ಮೈಕಿನಲ್ಲಿ ಹೇಳಿದರು: "ನೋಡಿ ನೋಡಿ! ತಿಂದು ತಿಂದು ಏಳೋಕೇ ಆಗ್ತಿಲ್ಲ!"

ಹೋಟೆಲಿನವರು ನಕ್ಕರು. ಫೋಟೋದವನು ನಗುತ್ತಲೇ ಒಂದು ಕ್ಲಿಕ್ ಮಾಡಿದ.

ಗುಬ್ಬಿಯಮ್ಮ ಮಗುವನ್ನು ಎತ್ತಿದಳು. ತುಟಿ ಒಡೆದಿತ್ತು. ಅವಳು ಕಾಗದದಿಂದ ಆ ರಕ್ತ ಒರೆಸಿದಳು. ಕೈಯಲ್ಲಿದ್ದದ್ದು ಅದೊಂದೇ ಕಾಗದ. ಆಮೇಲೆ ಅಲ್ಲೇ, ಬಿಳಿ ಚಾದರದ ಮೇಲೆ, ಮಂಡಿಯೂರಿ ಕೂತಳು. ಫ್ರಾಕು ಬಿಚ್ಚಿದಳು. ಬೆಲ್ಟಿನ ಗಂಟು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಮಗು ಉದ್ದಕ್ಕೆ ಒಂದು ಉಸಿರೆಳೆದು, ಈಗ ಸೂರು ಹಾರುವ ಹಾಗೆ ಅತ್ತಿತು. ಹೊಟ್ಟೆಯ ಸುತ್ತ ಬಿಲ್ಲೆಗಳ ಗುರುತು ದುಂಡಗೆ ದುಂಡಗೆ ಕೆಂಪಗೆ ಮೂಡಿತ್ತು.

"ಏನಮ್ಮ ಇದು? ಏನ್ ಮಾಡ್ತಿದ್ದೀಯಾ?"

"ತೂಕ ಮಾಡ್ತಿದ್ದೀನಿ ಸಾರ್."

ಬೆಲ್ಟನ್ನು ಯಂತ್ರದ ಮೇಲೆ ಇಟ್ಟಳು. "ಒಂದು ಕಿಲೋ ಮುನ್ನೂರು. ಇದು ಬೆಲ್ಟು." ತೆಗೆದು ಫ್ರಾಕು ಇಟ್ಟಳು. "ಆರುನೂರು. ಇದು ಪರದೆ ಬಿಲ್ಲೆ. ಹೋಟೆಲಿನವರದ್ದು." ಹೋಟೆಲಿನವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಫ್ರಾಕು ತೆಗೆದು, ಚಡ್ಡಿಯಲ್ಲಿದ್ದ ಮಗುವನ್ನು ನಿಲ್ಲಿಸಿದಳು. ಮುಳ್ಳು ಏಳು ಕಿಲೋ ಒಂಬೈನೂರಕ್ಕೆ ಬಂದು ನಿಂತಿತು.

"ಇದು ನನ್ನ ಮಗಳು. ಬರೀರಿ ಮೇಡಂ."

ಮೇಡಂ ಪೆನ್ನು ಹಿಡಿದು ಕೂತರು. ಬರೆಯಲಿಲ್ಲ.

"ಐದು ಬಣ್ಣ ಕೇಳಿದ್ರಲ್ಲ ಮೇಡಂ, ನಂಗೂ ಗೊತ್ತು. ಸೊಪ್ಪು ಗೊತ್ತು, ಹಣ್ಣು ಗೊತ್ತು, ಒಟ್ಟಿಗೆ ಕೂತು ಉಣ್ಣೋದು ಗೊತ್ತು. ಹತ್ತು ಸಲ ಸಮಾಧಾನವಾಗಿ ಕೊಡೋದೂ ಗೊತ್ತು. ಎದ್ದಿರೋ ಮಗು ಕೊಡಿ ನಂಗೆ, ಕೊಡ್ತೀನಿ. ಅವಳು ಎದ್ದಿರೋವಾಗೆಲ್ಲ ನಾನು ಇವರ ಚಾದರ ಹಿಡ್ಕೊಂಡು ನಿಂತಿರ್ತೀನಿ. ದಿನಕ್ಕೆ ಒಂದು ಮೊಟ್ಟೆ ಕಣ್ಬಿಟ್ಟು ತಿಂತಾಳೆ. ಅದನ್ನೂ ಗೋಡೆಗೆ ಹಚ್ತೀವಿ ಅಂತಾರೆ. ಬರೀರಿ. ಕೆಂಪಲ್ಲೇ ಬರೀರಿ."

ಮ್ಯಾನೇಜರ್ ಮೈಕು ಬದಿಗಿಟ್ಟರು. ದನಿ ತಗ್ಗಿಸಿದರು. "ಸರಿ. ಕೆಂಪು. ಎರಡನೇ ಸಲ. ನಿಯಮ ಗೊತ್ತಲ್ಲ? ಮಗೂನ ಕರ್ಕೊಂಡು ಮನೆಗೆ ನಡಿ."

"ಹೊರಟೆ" ಎಂದಳು ಗುಬ್ಬಿಯಮ್ಮ. ಮನೆಯ ಬೀಗ ಕಣ್ಣೆದುರು ಬಂತು. ಆದರೂ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ವೇದಿಕೆಯಿಂದ ಇಳಿದಳು.

ಆಗ ಹಿಂದಿನಿಂದ ಸೂಜಿಯ ದನಿ ಬಂತು.

"ಏ ಗುಬ್ಬಿಯಮ್ಮ! ನನ್ನ ಬೆಲ್ಟು ಬಿಟ್ಟು ಹೋಗ್ತೀಯಲ್ಲೇ! ಅದು ನಮ್ಮ ಗುಂಡಂದು!"

ಇಡೀ ಸಭೆ ತಿರುಗಿ ನೋಡಿತು. ತಾನು ಏನು ಹೇಳಿದೆ ಎಂದು ಸೂಜಿಗೆ ಆಗಲೇ ಗೊತ್ತಾಗಿದ್ದು. ಒಂದು ಕ್ಷಣ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಭುಜ ಕುಣಿಸಿದಳು. "ಹೋಗ್ಲಿ ಬಿಡಿ, ಬಾಯಿಂದ ಬಂದಾಯ್ತು." ಗುಂಡನ ಅಂಗಿ ಬಿಚ್ಚಿ, ಪಕ್ಕೆಲುಬು ಎಣಿಸುವ ಹಾಗಿದ್ದ ಹುಡುಗನನ್ನು ಯಂತ್ರದ ಮೇಲೆ ನಿಲ್ಲಿಸಿದಳು. "ನೋಡಿ ಸಾರ್, ನಿಮ್ಮ ಹಸಿರು. ಇದನ್ನೂ ಬರೀರಿ ಮೇಡಂ, ನಾನೂ ಹೊರಟೆ. ಬಹಳ ದಿನದಿಂದ ಮನೇಲಿ ಮಧ್ಯಾಹ್ನ ಒಂದು ನಿದ್ದೆ ಮಾಡ್ಬೇಕು ಅಂತಿತ್ತು."

ನಕ್ಕದ್ದು ಈ ಸಲ ಹಿಂದಿನವರು. ನಗುತ್ತಲೇ ಒಬ್ಬಳು ಬಂದಳು. ಟೋಪಿ ಬಿಚ್ಚಿದಳು. ಒಬ್ಬಳು ಬರಲಿಲ್ಲ, ಮಗುವನ್ನು ಬಿಗಿಯಾಗಿ ಅಪ್ಪಿಕೊಂಡು ಕಂಬದ ಮರೆಗೆ ನಿಂತಳು. ಆಮೇಲೆ ಆಯಾ ಹೋಗಿ ಏನೋ ಕಿವಿಯಲ್ಲಿ ಹೇಳಿ ಕೈ ಹಿಡಿದು ಕರೆತಂದಳು. ಹನ್ನೊಂದರಲ್ಲಿ ಒಂಬತ್ತು ಕೆಂಪು. ಇಬ್ಬರು ಮಾತ್ರ ನಿಜಕ್ಕೂ ಹಸಿರಿದ್ದರು. ಅವರ ಅಮ್ಮಂದಿರು ಕದ್ದು ಸಿಕ್ಕಿಬಿದ್ದವರ ಹಾಗೆ ನಾಚಿಕೊಂಡು ನಿಂತರು.

"ಬಟ್ಟೆ ಬಿಚ್ಚಿ ತೂಕ ಮಾಡ್ಬೇಕು ಅಂತ ಪುಸ್ತಕದಲ್ಲೇ ಇದೆ" ಎಂದರು ಮೇಡಂ, ಯಾರೂ ಕೇಳದೆಯೇ. ಅವರ ಮುಖ ಸಪ್ಪಗಾಗಿತ್ತು. "ಬಿಚ್ಚಿಸಿದ್ರೆ ಏನು ಕಾಣುತ್ತೆ ಅಂತ ನಂಗೆ ಗೊತ್ತಿತ್ತು." ಕೆಂಪು ಪೆನ್ನು ತೆಗೆದು ಬರೆಯತೊಡಗಿದರು.

ಒಂಬತ್ತು ಜನ ಅಮ್ಮಂದಿರು ಏಪ್ರನ್ ಕಳಚಿ ಮೊಳೆಗೆ ಹಾಕಿ ಗೇಟಿನ ಕಡೆ ನಡೆದರು. ಯಾರೂ ಕೂಗಲಿಲ್ಲ. ಕೂಗುವಂಥದ್ದೇನಿದೆ? ಹೋಗಿ ಎಂದರು, ಹೋಗುತ್ತಿದ್ದಾರೆ. ಆರು ಜನ ಉರುಳೆಯವರು, ಇಬ್ಬರು ಮಡಿಸುವವರು, ಒಬ್ಬಳು ಸೂಜಿ. ಗೋಡೆಯ ಆಚೆ ಯಂತ್ರ ಬುಸುಗುಟ್ಟುತ್ತಿತ್ತು. ಅದರ ಬಾಯಿಗೆ ಚಾದರ ಕೊಡುವವರು ಇರಲಿಲ್ಲ.

ಹೋಟೆಲಿನ ಒಬ್ಬರು ಕೈಗಡಿಯಾರ ನೋಡಿಕೊಂಡರು. "ಸಂಜೆ ಐದಕ್ಕೆ ನಮ್ಮ ನಾನೂರು ಚಾದರ?"

"ಒಂದ್ನಿಮಿಷ" ಎಂದರು ಮ್ಯಾನೇಜರ್. ಅವರು ಗೇಟಿನ ತನಕ ಓಡಿದ್ದನ್ನು ಎಲ್ಲರೂ ನೋಡಿದರು. ಅವರು ಓಡಬಲ್ಲರು ಎಂದು ಅದುವರೆಗೆ ಯಾರಿಗೂ ತಿಳಿದಿರಲಿಲ್ಲ.

"ಏಯ್, ನಿಲ್ಲಿ! ಎಲ್ಲರೂ ಒಂದೇ ಸಲ ಹೋದ್ರೆ ಹೇಗೆ?"

"ನೀವೇ ಅಂದ್ರಿ" ಎಂದಳು ಗುಬ್ಬಿಯಮ್ಮ. "ಹಸಿರಾಗೋ ತನಕ ಮನೇಲಿಟ್ಟು ಆರೈಕೆ ಮಾಡಿ ಅಂತ. ಮಾಡ್ತೀವಿ. ವರ್ಷ ಹಿಡಿಯಬಹುದು."

"ಇವತ್ತು ಬಾ. ನಾಳೆ ಮಾತಾಡೋಣ."

"ಚಾದರ ಇವತ್ತಿಗೆ, ಮಾತು ನಾಳೆಗಾ?" ಎಂದಳು ಸೂಜಿ.

ಮ್ಯಾನೇಜರ್ ಬೆವರು ಒರೆಸಿಕೊಂಡರು. "ಸರಿ, ಮೊಟ್ಟೆ ಇರಲಿ."

"ಹಾಲು?"

"ಹಾಲೂ."

"ಕೆಂಪಾದ ಮಗೂನ ಹೊರಗೆ ಹಾಕೋದು?" ಎಂದಳು ಗುಬ್ಬಿಯಮ್ಮ. ಅವಳು ಗೇಟಿನ ಆಚೆ ಒಂದು ಕಾಲಿಟ್ಟಿದ್ದಳು. ಒಳಕ್ಕೆ ತೆಗೆಯಲಿಲ್ಲ. "ಕೆಂಪಾದ ಮಗುವಿಗೇ ಅಲ್ವಾ ಸಾರ್ ಮೊಟ್ಟೆ ಬೇಕಿರೋದು? ಎರಡು ಬೇಕು. ಒಂದಲ್ಲ."

ತೂಕದ ಮೇಡಂ ಅಲ್ಲಿಗೆ ಬಂದಿದ್ದರು, ರಿಜಿಸ್ಟರ್ ಎದೆಗೊತ್ತಿಕೊಂಡು. ಅಲ್ಲೇ ಗೇಟಿನ ಕಂಬಕ್ಕೆ ಅದನ್ನು ಒತ್ತಿ ಹಿಡಿದು ಬರೆದರು: ತೂಕದ ಕಾರಣಕ್ಕೆ ಯಾವ ಮಗುವನ್ನೂ ಹೊರಗೆ ಕಳಿಸತಕ್ಕದ್ದಲ್ಲ. ಎಲ್ಲರಿಗೂ ಒಂದು ಮೊಟ್ಟೆ, ಹಾಲು. ಕೆಂಪಿನವರಿಗೆ ಎರಡು. ಬರೆದು, ಪೆನ್ನು ಮ್ಯಾನೇಜರ್ ಕಡೆ ಚಾಚಿದರು. ಅವರು ಒಮ್ಮೆ ಯಂತ್ರದ ಕಡೆ, ಒಮ್ಮೆ ಗಡಿಯಾರದ ಕಡೆ ನೋಡಿ, ಹಲ್ಲು ಕಚ್ಚಿ ಸಹಿ ಹಾಕಿದರು.

ಆಗ ಗುಬ್ಬಿಯಮ್ಮ ಕಾಲು ಒಳಗೆ ತೆಗೆದಳು.

ಅವಳನ್ನು ಮ್ಯಾನೇಜರ್ ಸುಮ್ಮನೆ ಬಿಡಲಿಲ್ಲ. ಸೋಮವಾರದಿಂದ ಉರುಳೆಯ ಬಳಿಯಿಂದ ತೆಗೆದು ಕೊಳೆ ಬಟ್ಟೆ ವಿಂಗಡಿಸುವ ನೆಲಮಾಳಿಗೆಗೆ ಹಾಕಿದರು. ವಾಂತಿಯ ಚಾದರ, ರಕ್ತದ ಚಾದರ, ಹೇಳಬಾರದ ಚಾದರ. ಮೊದಲ ದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡಳು. ಮೂರನೇ ದಿನ ಬಿಚ್ಚಿದಳು, ಉಸಿರು ಕಟ್ಟುತ್ತಿತ್ತು. ಸೂಜಿ ಹಾಡಹಗಲೇ ಮೆಟ್ಟಿಲಿಳಿದು ಬಂದು ಬೈದು ಹೋಗುತ್ತಿದ್ದಳು: "ಸ್ಟೇಜ್ ಹತ್ತಿದವಳು ನೆಲಮಾಳಿಗೆಗೆ ಬಂದ್ಯಲ್ಲೇ! ಏನ್ ಪ್ರಮೋಷನ್ನು!" ಬೈಯುತ್ತಲೇ ತನ್ನ ಡಬ್ಬಿಯಿಂದ ಅರ್ಧ ಇಟ್ಟು ಹೋಗುತ್ತಿದ್ದಳು. ಗೋಡೆಯ ಮೇಲೆ ಸೇಬನ್ನಂತೂ ಬರೆಸಿಯೇಬಿಟ್ಟರು. ಬಣ್ಣದವನಿಗೆ ಮುಂಚೆಯೇ ಹೇಳಿಯಾಗಿತ್ತಂತೆ. ಚೆನ್ನಾಗಿಯೇ ಇತ್ತು. ಗುಂಡ ಅದಕ್ಕೆ ಮೊಟ್ಟೆಯ ಹಳದಿ ಒರೆಸಿ ಇನ್ನೂ ಚೆಂದ ಮಾಡಿದ.

ಮುಂದಿನ ತಿಂಗಳ ತೂಕದ ದಿನ ಮೇಡಂ ಬಂದಾಗ ಕೋಣೆಯ ಕಿಟಕಿ ಮುಚ್ಚಿ ಬೆಚ್ಚಗೆ ಮಾಡಿಟ್ಟಿದ್ದರು. ಹನ್ನೊಂದು ಮಕ್ಕಳೂ ಚಡ್ಡಿಯಲ್ಲಿ ಸಾಲಾಗಿ ನಿಂತಿದ್ದವು, ಸುಮ್ಮನೆ ನಿಲ್ಲದೆ ಒಂದನ್ನೊಂದು ತಳ್ಳಿಕೊಂಡು, ಕಿರುಚಿಕೊಂಡು. ಗುಬ್ಬಿಯನ್ನು ಯಂತ್ರದ ಮೇಲೆ ನಿಲ್ಲಿಸುವುದೇ ಹರಸಾಹಸವಾಯಿತು. ನಿಲ್ಲಿಸಿದರೆ ಇಳಿದು ಓಡುತ್ತಿತ್ತು. ಆಯಾ ಹಿಡಿದು ತಂದಳು, ಮತ್ತೆ ಓಡಿತು. ಮೂರನೇ ಸಲ ಮುಳ್ಳು ಒಂದು ಗಳಿಗೆ ನಿಂತಿತು.

ಮೇಡಂ ಬಗ್ಗಿ ನೋಡಿದರು. ಎಂಟು ಕಿಲೋ ನೂರು ಗ್ರಾಂ.

ಕೆಂಪೇ. ಕೆಂಪು ಪೆನ್ನಿನಲ್ಲೇ ಬರೆದರು.

"ಇನ್ನೂರು ಗ್ರಾಂ ಏರಿದ್ದಾಳೆ" ಎಂದರು.

ನೆಲಮಾಳಿಗೆಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದಿದ್ದ ಗುಬ್ಬಿಯಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಕೈ ಕೊಳೆಯಾಗಿತ್ತು, ಮಗುವನ್ನು ಮುಟ್ಟುವ ಹಾಗಿರಲಿಲ್ಲ.

"ಅಷ್ಟೂ ಅವಳದ್ದೇ" ಎಂದಳು.